ಲೀಗ್ ಹಂತಕ್ಕೊಂದು ಲೆಕ್ಕ, ಪ್ಲೇಆಫ್‌ಗೆ ಇನ್ನೊಂದು: ತಂಡದ ಸೀಸನ್ ಯೋಜಿಸುವುದು ಹೇಗೆ?

ತಂಡ ನೋಡಿಕೊಳ್ಳುವವರಿಂದ ಪ್ರತಿ ಸೀಸನ್‌ನಲ್ಲೂ ತಪ್ಪದೆ ಬರುವ ಪ್ರಶ್ನೆ ಒಂದಿದೆ: "ಲೀಗ್‌ನಲ್ಲಿ ಚೆನ್ನಾಗಿ ಆಡ್ತೀವಿ, ಅಂಕಪಟ್ಟಿಯಲ್ಲಿ ಮೇಲೇ ಇರ್ತೀವಿ. ನಾಕೌಟ್ ಬಂದ ಕೂಡಲೇ ಎಡವ್ತೀವಿ. ಎಲ್ಲಿ ತಪ್ಪಾಗ್ತಿದೆ?"

ಎಡವಿದವರಲ್ಲಿ ದೊಡ್ಡವರೂ ಇದ್ದಾರೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ 2015-16ರಲ್ಲಿ 82 ಪಂದ್ಯಗಳಲ್ಲಿ 73 ಗೆದ್ದು ದಾಖಲೆ ಮಾಡಿತು. ಫೈನಲ್ ಸರಣಿಯಲ್ಲಿ 3-1ರಿಂದ ಮುಂದಿದ್ದೂ 4-3ರಿಂದ ಸೋತಿತು. ಐಸ್ ಹಾಕಿಯ ಎನ್‌ಎಚ್‌ಎಲ್‌ನಲ್ಲಿ ಟ್ಯಾಂಪಾ ಬೇ ಲೈಟ್ನಿಂಗ್ 2018-19ರಲ್ಲಿ 62 ಪಂದ್ಯ ಗೆದ್ದು ಅಗ್ರಸ್ಥಾನ ಪಡೆದು, ಪ್ಲೇಆಫ್‌ನ ಮೊದಲ ಸುತ್ತಿನಲ್ಲೇ 4-0ಯಿಂದ ಹೊರಬಿತ್ತು. ಇದರಲ್ಲಿ ಅದೃಷ್ಟದ ಪಾಲು ಇಲ್ಲವೆಂದಲ್ಲ. ಆದರೆ ಲೀಗ್ ಹಂತ ಮತ್ತು ಪ್ಲೇಆಫ್ ಒಂದೇ ಸ್ಪರ್ಧೆಯ ಎರಡು ಭಾಗ ಎಂದುಕೊಳ್ಳುವುದರಲ್ಲೇ ತಪ್ಪು ಶುರುವಾಗುತ್ತದೆ. ಲೀಗ್‌ನಲ್ಲಿ ಹತ್ತಾರು ಎದುರಾಳಿಗಳ ಎದುರು ನಿಮ್ಮ ಸರಾಸರಿ ಆಟವನ್ನು ಅಳೆಯುತ್ತಾರೆ. ಪ್ಲೇಆಫ್‌ನಲ್ಲಿ ಒಬ್ಬನೇ ಎದುರಾಳಿ ನಿಮ್ಮ ದೌರ್ಬಲ್ಯವನ್ನೇ ಹುಡುಕಿಕೊಂಡು ಬರುತ್ತಾನೆ. ಅನೇಕ ಸ್ಪರ್ಧೆಗಳಲ್ಲಿ ಅಲ್ಲಿ ನಿಯಮಗಳೇ ಬೇರೆ. ಹಾಗಾಗಿ ಯೋಜನೆಯನ್ನು ಕೊನೆಯಿಂದ ಶುರುಮಾಡಿ ಹಿಂದಕ್ಕೆ ಬರಬೇಕು.

ಈ ಕ್ರಮ ಯಾವ ತಂಡ ಆಟಕ್ಕೂ ಹೊಂದುತ್ತದೆ. ಉದಾಹರಣೆಗಳು ಕ್ರಿಕೆಟ್ಟಿನಿಂದ ಹೆಚ್ಚು ಬಂದಿವೆ, ಲೆಕ್ಕ ಎಲ್ಲರಿಗೂ ಪರಿಚಿತ ಎಂಬ ಕಾರಣಕ್ಕೆ.

ಏನೇನು ಬೇಕು?

ಸ್ಪರ್ಧೆಯ ನಿಯಮಪುಸ್ತಕದ ಈ ವರ್ಷದ ಪ್ರತಿ (ಕಳೆದ ವರ್ಷದ್ದು ಬೇಡ), ಪೂರ್ತಿ ವೇಳಾಪಟ್ಟಿ, ಆಟಗಾರರ ಪಟ್ಟಿ, ಒಂದು ಸ್ಪ್ರೆಡ್‌ಶೀಟ್ ಅಥವಾ ದಪ್ಪ ನೋಟ್‌ಬುಕ್. ಇವುಗಳ ಜೊತೆಗೆ ಪ್ರತಿ ಪಂದ್ಯ ಮುಗಿದ ಮೇಲೆ ಅರ್ಧ ಗಂಟೆ ಕೂತು ಲೆಕ್ಕ ಬರೆಯುವ ಒಬ್ಬ ವ್ಯಕ್ತಿ ಬೇಕು. ಆತ ಕೋಚ್ ಆಗದಿದ್ದರೆ ಒಳ್ಳೆಯದು. ಕೋಚ್‌ಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರುತ್ತದೆ.

1. ನಿಯಮಪುಸ್ತಕವನ್ನು ಹಿಂದಿನಿಂದ ಓದಿ

ಮೊದಲು ಪ್ಲೇಆಫ್ ಅಧ್ಯಾಯ ಓದಿ. ಐದು ವಿಷಯ ಹುಡುಕಿ ಒಂದು ಪುಟದಲ್ಲಿ ಬರೆದಿಡಿ.

ಒಂದು, ಎಷ್ಟು ತಂಡಗಳಿಗೆ ಪ್ರವೇಶ ಮತ್ತು ಯಾವ ಸ್ಥಾನಕ್ಕೆ ಯಾವ ದಾರಿ. ಐಪಿಎಲ್‌ನಲ್ಲಿ ಮೊದಲ ನಾಲ್ಕು ತಂಡಗಳು ಮುಂದೆ ಹೋಗುತ್ತವೆ. 1 ಮತ್ತು 2ನೇ ಸ್ಥಾನದವರು ಕ್ವಾಲಿಫೈಯರ್ 1 ಆಡುತ್ತಾರೆ. ಸೋತವರಿಗೆ ಕ್ವಾಲಿಫೈಯರ್ 2ರಲ್ಲಿ ಇನ್ನೊಂದು ಅವಕಾಶ. 3 ಮತ್ತು 4ನೆಯವರಿಗೆ ಎಲಿಮಿನೇಟರ್. ಸೋತರೆ ಅಲ್ಲಿಗೆ ಮುಗಿಯಿತು. ಎನ್‌ಬಿಎಯ ಪ್ರತಿ ವಿಭಾಗದಲ್ಲಿ ಮೊದಲ ಆರು ತಂಡಗಳಿಗೆ ನೇರ ಪ್ರವೇಶ, 7ರಿಂದ 10ನೇ ಸ್ಥಾನದವರು ಉಳಿದ ಎರಡು ಜಾಗಕ್ಕಾಗಿ ತಮ್ಮೊಳಗೇ ಆಡಬೇಕು.

ಎರಡು, ಟೈಬ್ರೇಕರ್, ಅಂದರೆ ಅಂಕ ಸಮವಾದಾಗ ಯಾರು ಮೇಲೆ ಎಂದು ತೀರ್ಮಾನಿಸುವ ಕ್ರಮ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಫುಟ್‌ಬಾಲ್‌ನಲ್ಲಿ ಮೊದಲು ನೋಡುವುದು ಗೋಲುಗಳ ವ್ಯತ್ಯಾಸ. ಸ್ಪೇನಿನ ಲಾ ಲಿಗಾದಲ್ಲಿ ಆ ಎರಡು ತಂಡಗಳು ಪರಸ್ಪರ ಆಡಿದ ಪಂದ್ಯಗಳ ಫಲಿತಾಂಶ. ಮೊದಲನೆಯ ಪದ್ಧತಿಯಲ್ಲಿ 4-0ಯಿಂದ ಗೆಲ್ಲುತ್ತಿರುವಾಗಲೂ ಐದನೇ ಗೋಲಿಗೆ ಬೆಲೆ ಇದೆ. ಎರಡನೆಯದರಲ್ಲಿ ನೇರ ಪ್ರತಿಸ್ಪರ್ಧಿಯ ವಿರುದ್ಧ ಆಡುವ ಪಂದ್ಯಕ್ಕೇ ಬೆಲೆ ಹೆಚ್ಚು.

ಮೂರು, ಪಂದ್ಯ ಸಮವಾದರೆ ಏನು? ತಂಡಗಳು ಅತಿ ಹೆಚ್ಚು ಮೋಸಹೋಗುವ ಜಾಗ ಇದು. ಎನ್‌ಎಚ್‌ಎಲ್‌ನ ಲೀಗ್ ಹಂತದಲ್ಲಿ ಸಮವಾದರೆ ಐದು ನಿಮಿಷ ಮೂವರು-ಮೂವರ ಆಟ, ಆಮೇಲೆ ಶೂಟೌಟ್. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲವೇ ಇಲ್ಲ. ಐವರು-ಐವರಾಗಿ 20 ನಿಮಿಷದ ಅವಧಿಗಳನ್ನು ಗೋಲು ಬರುವವರೆಗೂ ಆಡುತ್ತಲೇ ಇರಬೇಕು. ಶೂಟೌಟ್ ಗೆದ್ದು ಅಂಕ ಕೂಡಿಸಿಕೊಂಡ ತಂಡಕ್ಕೆ ಆ ಅಸ್ತ್ರ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ರಣಜಿ ಟ್ರೋಫಿಯ ನಾಕೌಟ್ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್ ಮುನ್ನಡೆ ಪಡೆದವರು ಮುಂದಕ್ಕೆ. 2024-25ರಲ್ಲಿ ಕೇರಳ ಕ್ವಾರ್ಟರ್‌ಫೈನಲ್‌ನಲ್ಲಿ ಜಮ್ಮು-ಕಾಶ್ಮೀರದ ಮೇಲೆ 1 ರನ್, ಸೆಮಿಫೈನಲ್‌ನಲ್ಲಿ ಗುಜರಾತ್ ಮೇಲೆ 2 ರನ್ ಮುನ್ನಡೆ ಪಡೆದು ಫೈನಲ್ ತಲುಪಿತು. ಫೈನಲ್‌ನಲ್ಲಿ ಅದೇ ನಿಯಮದ ಬಲದಿಂದ ವಿದರ್ಭ ಟ್ರೋಫಿ ಗೆದ್ದಿತು. ಇಂಥ ನಿಯಮ ಇರುವ ಕಡೆ ಹನ್ನೊಂದನೇ ಬ್ಯಾಟ್ಸ್‌ಮನ್ ಇಪ್ಪತ್ತು ಎಸೆತ ನಿಂತು ಆಡುವುದನ್ನು ಲೀಗ್ ಹಂತದಲ್ಲೇ ಅಭ್ಯಾಸ ಮಾಡಿಸಬೇಕು.

ನಾಲ್ಕು, ಆಟಗಾರರ ಅರ್ಹತೆ: ನೋಂದಣಿಯ ಕೊನೆಯ ದಿನ ಯಾವುದು, ನಾಕೌಟ್ ಆಡಲು ಲೀಗ್‌ನಲ್ಲಿ ಕನಿಷ್ಠ ಇಷ್ಟು ಪಂದ್ಯ ಆಡಿರಬೇಕೆಂಬ ಷರತ್ತು ಇದೆಯೇ, ಗಾಯಗೊಂಡವರ ಬದಲಿಗೆ ಯಾವಾಗ ತನಕ ಹೊಸಬರನ್ನು ತರಬಹುದು. ಎನ್‌ಬಿಎಯಲ್ಲಿ ಮಾರ್ಚ್ 1ರ ನಂತರ ಒಂದು ತಂಡ ಬಿಟ್ಟುಕೊಟ್ಟ ಆಟಗಾರ ಆ ವರ್ಷ ಬೇರೆ ತಂಡದ ಪರವಾಗಿ ಪ್ಲೇಆಫ್ ಆಡುವಂತಿಲ್ಲ. ಚಿಕ್ಕ ಲೀಗ್‌ಗಳಲ್ಲೂ ಇಂಥ ಸಾಲು ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಸೆಮಿಫೈನಲ್ ದಿನ ಬೆಳಿಗ್ಗೆ ಎದುರಾಳಿ ತಂಡದವರು ಅದನ್ನು ಓದಿ ತೋರಿಸುವ ಮೊದಲು ನೀವೇ ಓದಿ.

ಐದು, ಶಿಸ್ತಿನ ಲೆಕ್ಕ. ಹಳದಿ ಕಾರ್ಡ್‌ಗಳು ನಾಕೌಟ್‌ಗೂ ಮುಂದುವರಿಯುತ್ತವೆಯೋ, ಯಾವ ಹಂತದಲ್ಲಿ ಅಳಿಸಿಹೋಗುತ್ತವೆ? 2022ರ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಒಂದೇ ಹಳದಿ ಕಾರ್ಡ್ ಇದ್ದವರ ಲೆಕ್ಕ ಕ್ವಾರ್ಟರ್‌ಫೈನಲ್ ಆದ ಮೇಲೆ ಶೂನ್ಯವಾಗುತ್ತಿತ್ತು. ನಿಮ್ಮ ಸ್ಪರ್ಧೆಯಲ್ಲಿ ಹಾಗಿಲ್ಲದಿದ್ದರೆ ಕಾರ್ಡ್ ಹೊತ್ತ ಡಿಫೆಂಡರ್‌ನನ್ನು ಕೊನೆಯ ಲೀಗ್ ಪಂದ್ಯದಲ್ಲಿ ಆಡಿಸಬೇಕೇ ಎಂಬುದು ನಿಜವಾದ ಪ್ರಶ್ನೆಯಾಗುತ್ತದೆ.

2. ಯಾವ ಸ್ಥಾನಕ್ಕೆ ಎಷ್ಟು ಬೆಲೆ ಎಂದು ಲೆಕ್ಕ ಹಾಕಿ

"ಪ್ಲೇಆಫ್‌ಗೆ ಹೋದರೆ ಸಾಕು" ಎಂಬ ಗುರಿ ಕೇಳಲು ವಿನಯದಂತಿದೆ, ಲೆಕ್ಕದಲ್ಲಿ ದುಬಾರಿ. ಎಲ್ಲ ಪಂದ್ಯಗಳನ್ನೂ 50-50 ಎಂದು ಇಟ್ಟುಕೊಳ್ಳಿ. ಐಪಿಎಲ್ ಮಾದರಿಯಲ್ಲಿ 3 ಅಥವಾ 4ನೇ ಸ್ಥಾನದ ತಂಡ ಮೂರು ಪಂದ್ಯ ಸಾಲಾಗಿ ಗೆಲ್ಲಬೇಕು: ಅರ್ಧದ ಅರ್ಧದ ಅರ್ಧ, ಅಂದರೆ ಶೇ 12.5. ಮೊದಲ ಎರಡು ಸ್ಥಾನದವರು ಎರಡು ಸಾಲಾಗಿ ಗೆದ್ದರೆ ಶೇ 25. ಮೊದಲನೆಯದು ಸೋತು ಉಳಿದೆರಡು ಗೆಲ್ಲುವ ದಾರಿಯಲ್ಲಿ ಇನ್ನೂ ಶೇ 12.5. ಒಟ್ಟು ಶೇ 37.5. ಮೂರು ಪಟ್ಟು!

ಕಾಗದದ ಲೆಕ್ಕ ಎನ್ನುವವರು ಇತಿಹಾಸ ನೋಡಲಿ. ಈ ಮಾದರಿ ಬಂದ 2011ರಿಂದ 2025ರವರೆಗಿನ 15 ಸೀಸನ್‌ಗಳಲ್ಲಿ ಮೊದಲೆರಡು ಸ್ಥಾನದ ಹೊರಗಿನಿಂದ ಬಂದು ಕಪ್ ಗೆದ್ದದ್ದು ಒಂದೇ ತಂಡ, 2016ರ ಸನ್‌ರೈಸರ್ಸ್ ಹೈದರಾಬಾದ್. ಆರು ತಂಡಗಳು ಪ್ಲೇಆಫ್‌ಗೆ ಹೋಗಿ, ಮೊದಲೆರಡು ನೇರ ಸೆಮಿಫೈನಲ್ ತಲುಪುವ ಮಾದರಿಯಲ್ಲಿ ಅಂತರ ಇಷ್ಟಿಲ್ಲ: ಶೇ 25 ಮತ್ತು 12.5.

ಈಗ ಅಂಕದ ಗುರಿ. ಹಿಂದಿನ ಮೂರು-ನಾಲ್ಕು ಸೀಸನ್‌ಗಳ ಅಂತಿಮ ಅಂಕಪಟ್ಟಿ ತೆಗೆದು ಎರಡು ಗೆರೆ ಎಳೆಯಿರಿ: ಒಳಗೆ ಬಂದ ಕೊನೆಯ ತಂಡದ ಅಂಕ, ಲಾಭದ ಸ್ಥಾನ ಪಡೆದ ಕೊನೆಯ ತಂಡದ ಅಂಕ. ಹತ್ತು ತಂಡಗಳ, ತಲಾ 14 ಪಂದ್ಯಗಳ ಐಪಿಎಲ್‌ನಲ್ಲಿ 2022ರಿಂದ 2025ರವರೆಗೆ ನಾಲ್ಕನೇ ಸ್ಥಾನಕ್ಕೆ ಸಿಕ್ಕಿದ್ದು 16, 16, 14, 16 ಅಂಕ. ಎರಡನೇ ಸ್ಥಾನಕ್ಕೆ 18, 17, 17, 19. ಗೆಲುವಿಗೆ 2 ಅಂಕ. ಎಂಟು ಗೆದ್ದವರು ಒಳಗೆ ಬಂದಿದ್ದಾರೆ, ಒಂಬತ್ತು ಗೆದ್ದವರು ಬಹುತೇಕ ಎರಡನೇ ಸ್ಥಾನದ ಆಸುಪಾಸಿನಲ್ಲಿದ್ದಾರೆ. ಆ ಒಂದು ಗೆಲುವಿಗಾಗಿ ಸೀಸನ್ನಿನ ಯಾವ ಭಾಗದಲ್ಲಿ ಎಷ್ಟು ಶ್ರಮ ಹಾಕಬೇಕು ಎಂಬುದು ನಿಮ್ಮ ಯೋಜನೆಯ ತಿರುಳು.

ಪಂದ್ಯಗಳನ್ನು ನಾಲ್ಕೈದರ ಗುಂಪಾಗಿ ಒಡೆದು ಪ್ರತಿ ಗುಂಪಿಗೂ ಗುರಿ ಬರೆಯಿರಿ. ಒಂದೊಂದೇ ಪಂದ್ಯಕ್ಕೆ ಗುರಿ ಬರೆಯಬೇಡಿ. ಮೊದಲ ಸೋಲಿಗೇ ಹಾಳೆ ಹರಿದುಹೋಗುತ್ತದೆ. ಪ್ರತಿಸ್ಪರ್ಧಿಗಳ ವಿರುದ್ಧದ ಪಂದ್ಯಗಳಿಗೆ ಬೇರೆ ಗುರುತು ಹಾಕಿ. ಅಲ್ಲಿ ಗೆದ್ದರೆ ನಿಮಗೆ ಅಂಕ ಬರುವುದಷ್ಟೇ ಅಲ್ಲ, ಅವರಿಗೆ ತಪ್ಪುತ್ತದೆ.

ಸೋಲಿಗೂ ಅಂಕ ಕೊಡುವ ಲೀಗ್‌ಗಳಿವೆ. ಪ್ರೊ ಕಬಡ್ಡಿಯಲ್ಲಿ ಹಲವು ಸೀಸನ್‌ಗಳ ಕಾಲ ಗೆದ್ದರೆ 5, ಟೈ ಆದರೆ 3, ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಿಂದ ಸೋತರೆ 1 ಅಂಕ ಸಿಗುತ್ತಿತ್ತು. ಅಂಥ ನಿಯಮವಿದ್ದರೆ ಕೊನೆಯ ಮೂರು ನಿಮಿಷದಲ್ಲಿ 11 ಅಂಕ ಹಿಂದಿರುವ ತಂಡದ ಗುರಿ ಗೆಲುವಲ್ಲ, ಅಂತರವನ್ನು 7ಕ್ಕೆ ಇಳಿಸುವುದು. ರೇಡರ್‌ಗೆ ಇದನ್ನು ಪಂದ್ಯಕ್ಕೆ ಮೊದಲೇ ಹೇಳಿರಬೇಕು. ಅಂಕಣದ ಪಕ್ಕ ನಿಂತು ಕೂಗಿದರೆ ಆಗ ಯಾರ ಕಿವಿಗೂ ಬೀಳುವುದಿಲ್ಲ.

3. ಆಟಗಾರರ ಹೊರೆಯನ್ನು ಅಂಕಿಯಲ್ಲಿ ಬರೆದಿಡಿ

ಲೀಗ್ ಹಂತದಲ್ಲಿ ಕೂಡಿಸುವುದು ಅಂಕ, ಖರ್ಚಾಗುವುದು ಆಟಗಾರರ ದೇಹ. ಎರಡನ್ನೂ ಬರೆದಿಟ್ಟರೆ ಮಾತ್ರ ಹೋಲಿಸಲು ಬರುತ್ತದೆ.

ಉಪಕರಣಗಳೇನೂ ಬೇಡದ ವಿಧಾನ ಇದು: ಅಭ್ಯಾಸ ಅಥವಾ ಪಂದ್ಯ ಮುಗಿದು ಸುಮಾರು ಅರ್ಧ ಗಂಟೆಯ ನಂತರ ಪ್ರತಿ ಆಟಗಾರನನ್ನೂ "ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಕಷ್ಟವಾಯಿತು?" ಎಂದು ಕೇಳಿ. ಬಂದ ಸಂಖ್ಯೆಯನ್ನು ಆಡಿದ ನಿಮಿಷಗಳಿಂದ ಗುಣಿಸಿ. 90 ನಿಮಿಷ, ಕಷ್ಟ 6 ಎಂದರೆ ಹೊರೆ 540. ವಾರದ ಮೊತ್ತ ಹಾಕಿ, ಹಿಂದಿನ ನಾಲ್ಕು ವಾರಗಳ ಸರಾಸರಿಯ ಜೊತೆ ಹೋಲಿಸಿ. ಸರಾಸರಿ 1800 ಇರುವ ಆಟಗಾರನಿಗೆ ಈ ವಾರ 2700 ಬಂದರೆ ಒಂದೂವರೆ ಪಟ್ಟು. ನಿಂತು ಯೋಚಿಸಬೇಕಾದ ಜಾಗ. ಒಂದೂವರೆ ಎಂಬ ಗೆರೆಯ ಬಗ್ಗೆ ಕ್ರೀಡಾ ವಿಜ್ಞಾನಿಗಳಲ್ಲೇ ಜಗಳವಿದೆ. ಹಾಗಾಗಿ ಅಂಕಿ ನೋಡಿ ಆಟಗಾರನನ್ನು ಕೂರಿಸಬೇಡಿ. ಅಂಕಿ ನೋಡಿ ಅವನನ್ನು ಮಾತಾಡಿಸಿ. ನಿದ್ದೆ ಹೇಗಿದೆ, ಎಲ್ಲಿ ಬಿಗಿತವಿದೆ, ಮನೆಯಲ್ಲಿ ಏನಾದರೂ ನಡೆಯುತ್ತಿದೆಯೇ?

ಇಲ್ಲಿ ಮಾಡುವ ತಪ್ಪುಗಳು ಸಾಮಾನ್ಯವಾಗಿ ಎರಡು.

ಆಟಗಾರನಿಗೆ ಕೋಚ್ ಮುಂದೆ, ಎಲ್ಲರೆದುರು ಅಂಕಿ ಹೇಳಿಸುವುದು ಮೊದಲನೆಯದು. ಎಲ್ಲರೂ 5 ಎನ್ನುತ್ತಾರೆ. ಒಬ್ಬೊಬ್ಬರಾಗಿ, ಸಾಧ್ಯವಾದರೆ ಮೊಬೈಲ್‌ನಲ್ಲಿ ಕಳುಹಿಸಲು ಹೇಳಿ.

ಎರಡನೆಯದು ಬೆಂಚ್ ಆಟಗಾರರನ್ನು ಮರೆಯುವುದು. ಪಂದ್ಯ ಆಡದವರ ಹೊರೆ ಸದ್ದಿಲ್ಲದೆ ಕುಸಿಯುತ್ತದೆ. ಎರಡು ತಿಂಗಳು ಕೂತವನನ್ನು ಸೆಮಿಫೈನಲ್‌ನಲ್ಲಿ ಪೂರ್ತಿ ಆಡಿಸಿದರೆ ಮೊದಲು ಕೈಕೊಡುವುದು ತೊಡೆಯ ಹಿಂಭಾಗದ ಸ್ನಾಯು. ಪಂದ್ಯದ ಮರುದಿನ ಆಡಿದವರಿಗೆ ವಿಶ್ರಾಂತಿ ಇದ್ದಾಗ, ಆಡದವರಿಗೆ 30ರಿಂದ 40 ನಿಮಿಷ ಪಂದ್ಯದ ವೇಗದಲ್ಲೇ ಓಟವಿರುವ ಅಭ್ಯಾಸ ಇಡಿ.

ವಿಶ್ರಾಂತಿ ಕೊಡುವ ಬಗ್ಗೆ ಎರಡು ಮಾತು. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ಕೋಚ್ ಗ್ರೆಗ್ ಪೊಪೊವಿಚ್ 2012ರ ನವೆಂಬರ್‌ನಲ್ಲಿ ನಾಲ್ವರು ಪ್ರಮುಖರನ್ನು ಮಯಾಮಿ ಪಂದ್ಯಕ್ಕೆ ಮೊದಲೇ ಮನೆಗೆ ಕಳುಹಿಸಿದರು. ಲೀಗ್ 2,50,000 ಡಾಲರ್ ದಂಡ ಹಾಕಿತು. ಅದೇ ತಂಡ 2013-14ರಲ್ಲಿ ಯಾವ ಆಟಗಾರನಿಗೂ ಪಂದ್ಯಕ್ಕೆ ಸರಾಸರಿ 30 ನಿಮಿಷ ತುಂಬದಂತೆ ಹಂಚಿ ಆಡಿಸಿ ಚಾಂಪಿಯನ್ ಆಯಿತು. ಇಡೀ ಪಂದ್ಯ ಕೂರಿಸುವುದಕ್ಕಿಂತ ಪ್ರತಿ ಪಂದ್ಯದಲ್ಲೂ ಸ್ವಲ್ಪ ಸ್ವಲ್ಪ ಉಳಿಸುವುದು ಮೇಲು ಎಂಬುದು ನಮ್ಮ ಅಭಿಪ್ರಾಯ: ಆಟಗಾರನ ಲಯ ತಪ್ಪುವುದಿಲ್ಲ, ನೋಡಲು ಬಂದವರಿಗೂ ಮೋಸವಾಗುವುದಿಲ್ಲ. ಈಗ ಎನ್‌ಬಿಎಯಲ್ಲಿ 2023-24ರಿಂದ ಪ್ರಮುಖ ಪ್ರಶಸ್ತಿಗಳಿಗೆ ಕನಿಷ್ಠ 65 ಪಂದ್ಯ ಆಡಿರಬೇಕೆಂಬ ನಿಯಮವೂ ಇದೆ. ನಿಮ್ಮ ಲೀಗ್‌ನಲ್ಲಿ ವಿಶ್ರಾಂತಿಗೆ ತಡೆಯಿದೆಯೇ ಎಂದು ಮೊದಲೇ ನೋಡಿಕೊಳ್ಳಿ.

4. ಪ್ರಯೋಗಗಳನ್ನು ಮೊದಲ ಅರ್ಧದಲ್ಲೇ ಮುಗಿಸಿ

ಹೊಸ ಆರಂಭಿಕ ಜೋಡಿ, ಬೇರೆ ರಕ್ಷಣಾ ವ್ಯೂಹ, ಎಡಗೈ ಸ್ಪಿನ್ನರ್‌ಗೆ ಮೊದಲ ಓವರ್: ಏನೇ ಪರೀಕ್ಷಿಸುವುದಿದ್ದರೂ ಲೀಗ್‌ನ ಮೊದಲ ಅರ್ಧದೊಳಗೆ. ಒಂದು ಪ್ರಯೋಗಕ್ಕೆ ಕನಿಷ್ಠ ಮೂರು ಪಂದ್ಯ ಕೊಡಿ. ಒಂದೇ ಪಂದ್ಯದಲ್ಲಿ ಎರಡು ಬದಲಾವಣೆ ಬೇಡ, ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಈ ಹಂತದಲ್ಲಿ ಇನ್ನೊಂದು ಕೆಲಸವಿದೆ. ಪ್ರತಿ ಜಾಗಕ್ಕೂ ಎರಡನೇ ಆಯ್ಕೆ ಯಾರು ಎಂದು ಹೆಸರು ಬರೆದು, ಅವರಿಗೆ ನಿಜವಾದ ಪಂದ್ಯದಲ್ಲಿ, ಫಲಿತಾಂಶ ಇನ್ನೂ ತೀರ್ಮಾನವಾಗದ ಹೊತ್ತಿನಲ್ಲಿ ಆಡುವ ಅವಕಾಶ ಕೊಡಬೇಕು. ಗೆದ್ದಾದ ಪಂದ್ಯದ ಕೊನೆಯ ಐದು ನಿಮಿಷ ಕೊಟ್ಟು "ಅನುಭವ ಆಯಿತು" ಎನ್ನುವುದು ಲೆಕ್ಕಕ್ಕಿಲ್ಲ.

5. ಟೈಬ್ರೇಕರ್ ಲೆಕ್ಕವನ್ನು ಮೊದಲ ದಿನದಿಂದಲೇ ಇಡಿ

ಸೀಸನ್ನಿನ ಕೊನೆಯ ವಾರ ಎಲ್ಲರ ಬಾಯಲ್ಲೂ ನೆಟ್ ರನ್ ರೇಟ್. ಆದರೆ ಅದು ಹಾಳಾಗಿರುವುದು ಬಹಳ ಸಲ ಮೊದಲ ವಾರದಲ್ಲಿ. 2019ರ ಏಕದಿನ ವಿಶ್ವಕಪ್‌ನಲ್ಲಿ ಪಾಕಿಸ್ತಾನ ತನ್ನ ಮೊದಲ ಪಂದ್ಯದಲ್ಲಿ 21.4 ಓವರ್‌ಗಳಲ್ಲಿ 105ಕ್ಕೆ ಆಲೌಟಾಯಿತು. ವೆಸ್ಟ್ ಇಂಡೀಸ್ 13.4 ಓವರ್‌ಗಳಲ್ಲಿ ಗುರಿ ಮುಟ್ಟಿತು. ಆಮೇಲೆ ಪಾಕಿಸ್ತಾನ ನ್ಯೂಜಿಲೆಂಡನ್ನೂ ಸೋಲಿಸಿತು, ಇಬ್ಬರಿಗೂ 11 ಅಂಕ, ಗೆಲುವುಗಳೂ ಸಮ. ಸೆಮಿಫೈನಲ್‌ಗೆ ಹೋದದ್ದು ರನ್ ರೇಟ್ ಚೆನ್ನಾಗಿದ್ದ ನ್ಯೂಜಿಲೆಂಡ್. ಪರಸ್ಪರ ಫಲಿತಾಂಶ ಮೊದಲು ನೋಡುವ ನಿಯಮವಿದ್ದಿದ್ದರೆ ಜಾಗ ಪಾಕಿಸ್ತಾನದ್ದಾಗುತ್ತಿತ್ತು.

ಸೂತ್ರ ಸರಳ: ಇಡೀ ಲೀಗ್‌ನಲ್ಲಿ ನೀವು ಗಳಿಸಿದ ಒಟ್ಟು ರನ್ ಭಾಗಿಸು ನೀವು ಆಡಿದ ಒಟ್ಟು ಓವರ್, ಅದರಿಂದ ನೀವು ಬಿಟ್ಟುಕೊಟ್ಟ ಒಟ್ಟು ರನ್ ಭಾಗಿಸು ನೀವು ಎಸೆದ ಒಟ್ಟು ಓವರ್ ಕಳೆಯಿರಿ. ಪಂದ್ಯಕ್ಕೊಂದು ರೇಟ್ ತೆಗೆದು ಸರಾಸರಿ ಮಾಡಿದರೆ ತಪ್ಪು ಉತ್ತರ ಬರುತ್ತದೆ.

ಏಳು ಟಿ20 ಪಂದ್ಯಗಳ ನಂತರ ನಿಮ್ಮ ತಂಡ 136 ಓವರ್‌ಗಳಲ್ಲಿ 1120 ರನ್ ಗಳಿಸಿದೆ, 138 ಓವರ್‌ಗಳಲ್ಲಿ 1090 ಕೊಟ್ಟಿದೆ ಎನ್ನಿ. 8.235ರಲ್ಲಿ 7.899 ಕಳೆದರೆ +0.337. ಎಂಟನೇ ಪಂದ್ಯದಲ್ಲಿ ನೀವು 20 ಓವರ್‌ಗೆ 180 ಹೊಡೆದು, ಎದುರಾಳಿಯನ್ನು 17 ಓವರ್‌ಗಳಲ್ಲಿ 140ಕ್ಕೆ ಆಲೌಟ್ ಮಾಡಿದಿರಿ. ಆಲೌಟ್ ಆದ ತಂಡದ ಹೆಸರಿಗೆ ಪೂರ್ತಿ 20 ಓವರ್ ಸೇರುತ್ತದೆ. ಹೊಸ ಲೆಕ್ಕ: 1300 ಭಾಗಿಸು 156, ಕಳೆ 1230 ಭಾಗಿಸು 158, ಅಂದರೆ +0.549. ಮರೆತು 17 ಓವರ್ ಎಂದೇ ಸೇರಿಸಿದರೆ +0.398 ಬರುತ್ತದೆ. ಅಷ್ಟು ತಪ್ಪು ಲೆಕ್ಕ ಇಟ್ಟುಕೊಂಡು ಕೊನೆಯ ಪಂದ್ಯಕ್ಕೆ ಹೋದರೆ ಅನಗತ್ಯ ಸಾಹಸಕ್ಕೆ ಕೈಹಾಕುತ್ತೀರಿ.

ಇನ್ನೊಂದು ಮಾಮೂಲಿ ತಪ್ಪು ಓವರ್‌ಗಳ ದಶಮಾಂಶ. 17.3 ಓವರ್ ಎಂದರೆ 17 ಓವರ್ ಮತ್ತು 3 ಎಸೆತ. ಭಾಗಾಕಾರಕ್ಕೆ ಅದು 17.5. ಹಾಗೆಯೇ 17.4 ಎಂದರೆ 17.667. ಸ್ಪ್ರೆಡ್‌ಶೀಟ್‌ಗೆ 17.3 ಎಂದೇ ಬರೆದರೆ ಅದು ನಿಮ್ಮನ್ನು ಪ್ರಶ್ನಿಸುವುದಿಲ್ಲ, ಸುಮ್ಮನೆ ತಪ್ಪು ಉತ್ತರ ಕೊಡುತ್ತದೆ. ಎಲ್ಲವನ್ನೂ ಎಸೆತಗಳಲ್ಲೇ ಬರೆದಿಟ್ಟು ಕೊನೆಗೆ 6ರಿಂದ ಭಾಗಿಸುವುದು ಕ್ಷೇಮ.

ಬೆನ್ನಟ್ಟುವಾಗ ಎಷ್ಟು ಬೇಗ ಮುಗಿಸಿದರೆ ಎಷ್ಟು ಲಾಭ ಎಂಬುದನ್ನೂ ಮೊದಲೇ ಹಾಕಿಡಿ. ಮೇಲಿನ ತಂಡವೇ ಎಂಟನೇ ಪಂದ್ಯದಲ್ಲಿ 20 ಓವರ್‌ಗಳಲ್ಲಿ 150 ಬಿಟ್ಟುಕೊಟ್ಟು, 151 ರನ್‌ಗಳನ್ನು 18 ಓವರ್‌ಗಳಲ್ಲಿ ಗಳಿಸಿದರೆ +0.405, 15 ಓವರ್‌ಗಳಲ್ಲಿ ಗಳಿಸಿದರೆ +0.569. ಮೂರು ಓವರ್ ಬೇಗ ಮುಗಿಸಿದ್ದಕ್ಕೆ 0.164 ಲಾಭ. ಆರು ವಿಕೆಟ್ ಕೈಯಲ್ಲಿದ್ದರೆ ಪ್ರಯತ್ನಿಸಬಹುದು. ಪಂದ್ಯವೇ ಕೈತಪ್ಪುವ ಭಯವಿದ್ದರೆ 2 ಅಂಕದ ಎದುರು ಅದು ಚಿಲ್ಲರೆ.

ಲೆಕ್ಕ ತಿಳಿದ ತಂಡ ಸೋಲು-ಗೆಲುವಿನ ಗೆರೆಯನ್ನು ಬಿಟ್ಟು ಬೇರೆಯದೇ ಗೆರೆಗೆ ಆಡಬಲ್ಲದು. 2024ರ ಮೇ 18ರಂದು ಆರ್‌ಸಿಬಿ 218 ಹೊಡೆದಾಗ ಚೆನ್ನೈಗೆ ಗೆಲ್ಲಲು 219 ಬೇಕಿತ್ತು, ಪ್ಲೇಆಫ್‌ಗೆ 201 ಸಾಕಿತ್ತು. ಆರ್‌ಸಿಬಿ ಕಾಯಬೇಕಿದ್ದದ್ದು 200ರ ಗೆರೆಯನ್ನು. ಚೆನ್ನೈ 191ಕ್ಕೆ ನಿಂತಿತು, ಇಬ್ಬರಿಗೂ 14 ಅಂಕ, ನಾಲ್ಕನೇ ಸ್ಥಾನ ಆರ್‌ಸಿಬಿಗೆ. ಇಂಥ ಪಂದ್ಯಕ್ಕೆ ಇಳಿಯುವಾಗ 160, 180, 200, 220 ಹೊಡೆದರೆ ಎದುರಾಳಿಯನ್ನು ಎಷ್ಟಕ್ಕೆ ತಡೆಯಬೇಕು, ಬೆನ್ನಟ್ಟುವುದಾದರೆ ಎಷ್ಟನೇ ಓವರ್‌ಗೆ ಮುಗಿಸಬೇಕು ಎಂಬ ಚೀಟಿ ನಾಯಕನ ಜೇಬಿನಲ್ಲಿರಲಿ. ಮಳೆ ಬಂದು ಓವರ್ ಕಡಿಮೆಯಾದರೆ ಚೀಟಿ ಬದಲಾಗುತ್ತದೆ. ಹೊಸದನ್ನು ಮಾಡಿಕೊಡಲು ಹೊರಗೆ ಒಬ್ಬರು ಕೂತಿರಬೇಕು.

6. ಕೊನೆಯ ಕಾಲುಭಾಗ: ಸ್ಥಾನವೋ, ವಿಶ್ರಾಂತಿಯೋ?

ಪ್ರವೇಶ ಖಚಿತವಾದ ಮೇಲೆ ಉಳಿದ ಪಂದ್ಯಗಳಲ್ಲಿ ಏನು ಮಾಡಬೇಕು? ಎರಡನೇ ಹಂತದ ಲೆಕ್ಕವೇ ಉತ್ತರ ಕೊಡುತ್ತದೆ. ಮೂರರಿಂದ ಎರಡಕ್ಕೆ ಏರುವ ಅವಕಾಶವಿದ್ದರೆ ಪೂರ್ಣ ಬಲದಿಂದ ಆಡಿ. ಒಂದು ಮತ್ತು ಎರಡರ ನಡುವೆ ದಾರಿಯಲ್ಲಿ ವ್ಯತ್ಯಾಸವಿಲ್ಲದಿದ್ದರೆ, ತವರಿನ ಅಂಗಳದ ಲಾಭವೂ ಇಲ್ಲದಿದ್ದರೆ, ದಣಿದವರನ್ನು ಕೂರಿಸಿ. ಎನ್‌ಬಿಎಯಂತೆ ಏಳು ಪಂದ್ಯಗಳ ಸರಣಿಯಲ್ಲಿ ಮೇಲಿನ ಸ್ಥಾನದವರಿಗೆ 1, 2, 5, 7ನೇ ಪಂದ್ಯ ತವರಿನಲ್ಲಿ ಸಿಗುವ ಕಡೆ ಒಂದೊಂದು ಮೆಟ್ಟಿಲಿಗೂ ಬೆಲೆಯಿದೆ.

ಎದುರಾಳಿಯನ್ನು ಆರಿಸಿಕೊಳ್ಳಲೆಂದು ಬೇಕಂತಲೇ ಸೋಲುವ ಯೋಚನೆ ಬಿಡಿ. ನಿಯಮ ಉಲ್ಲಂಘನೆಯಾಗಬಹುದು. ಅದಕ್ಕಿಂತ ಮೊದಲು, ಬೇರೆ ಪಂದ್ಯಗಳ ಫಲಿತಾಂಶ ನಿಮ್ಮ ಕೈಯಲ್ಲಿರುವುದಿಲ್ಲ.

ಕೂರಿಸುವುದಾದರೂ ಪ್ರಮುಖರನ್ನು ಹತ್ತು ದಿನಕ್ಕಿಂತ ಹೆಚ್ಚು ಪಂದ್ಯದಿಂದ ದೂರ ಇಡಬೇಡಿ. ಕೊನೆಯ ಲೀಗ್ ಪಂದ್ಯದಲ್ಲಿ ಅರ್ಧ ಹೊತ್ತು ಆಡಿಸಿ ಹೊರತೆಗೆಯುವುದು ಒಳ್ಳೆಯ ಮಧ್ಯಮಾರ್ಗ.

7. ಪ್ಲೇಆಫ್‌ಗೆ ಮುಂಚಿನ ವಾರ

ಐದರಿಂದ ಏಳು ದಿನ ಸಿಕ್ಕರೆ ಅಭ್ಯಾಸದ ಪ್ರಮಾಣವನ್ನು ಶೇ 40ರಿಂದ 60ರಷ್ಟು ಇಳಿಸಿ, ತೀವ್ರತೆಯನ್ನು ಇಳಿಸಬೇಡಿ. ವಾರಕ್ಕೆ 400 ನಿಮಿಷ ಮಾಡುತ್ತಿದ್ದವರು 200 ನಿಮಿಷ ಮಾಡಲಿ. ಆದರೆ ಆ ನಿಮಿಷಗಳಲ್ಲಿ ಓಟ ಪಂದ್ಯದ ವೇಗದ್ದೇ ಆಗಿರಲಿ. ಬಹಳ ತಂಡಗಳು ಇದನ್ನು ತಲೆಕೆಳಗು ಮಾಡುತ್ತವೆ: ಉದ್ವೇಗದಲ್ಲಿ ಅಭ್ಯಾಸದ ಹೊತ್ತು ಹೆಚ್ಚಿಸಿ, ಗಾಯದ ಭಯದಲ್ಲಿ ವೇಗ ಇಳಿಸುತ್ತವೆ. ಎರಡೇ ದಿನ ಸಿಕ್ಕರೆ ಯಾವ ಯೋಜನೆಯೂ ಬೇಡ. ನಿದ್ದೆ, ಊಟ, ಅರ್ಧ ಗಂಟೆಯ ಹಗುರ ಅಭ್ಯಾಸ.

ಎದುರಾಳಿಯ ಅಧ್ಯಯನಕ್ಕೆ ಅವರ ಕೊನೆಯ ಐದು ಪಂದ್ಯ ಸಾಕು. ಒಂದು ಪುಟಕ್ಕೆ ಇಳಿಸಿ: ಒತ್ತಡದಲ್ಲಿ ಅವರು ಯಾರ ಕಡೆ ತಿರುಗುತ್ತಾರೆ, ಯಾವುದನ್ನು ಮಾಡುವುದೇ ಇಲ್ಲ, ಅವರು ನಮ್ಮಲ್ಲಿ ಯಾವ ದೌರ್ಬಲ್ಯ ಹುಡುಕುತ್ತಾರೆ. ಮೂರನೆಯದನ್ನೇ ಎಲ್ಲರೂ ಬಿಡುತ್ತಾರೆ. ನಿಮ್ಮದೇ ತಂಡದ ವಿರುದ್ಧ ನೀವು ಯೋಜನೆ ಮಾಡಬೇಕಿದ್ದರೆ ಯಾರನ್ನು ಗುರಿ ಮಾಡುತ್ತಿದ್ದಿರಿ? ಆ ಆಟಗಾರನಿಗೆ ಈ ವಾರ ಹೆಚ್ಚು ಸಮಯ ಕೊಡಿ. ಆಟಗಾರರಿಗೆ ಹೇಳುವ ಅಂಶ ಮೂರು ಮೀರದಿರಲಿ. ಹನ್ನೆರಡು ಹೇಳಿದರೆ ಒಂದೂ ನೆನಪಿರುವುದಿಲ್ಲ.

ಸಮವಾದರೆ ಏನು ಎಂಬುದರ ತಯಾರಿಯೂ ಈ ವಾರವೇ. ಸೂಪರ್ ಓವರ್ ಇದ್ದರೆ ಮೂವರು ಬ್ಯಾಟ್ಸ್‌ಮನ್‌ಗಳ ಹೆಸರು, ಒಬ್ಬ ಬೌಲರ್, ಮತ್ತೊಬ್ಬ ಮೀಸಲು ಬೌಲರ್. ಅಂತರರಾಷ್ಟ್ರೀಯ ಟಿ20 ನಿಯಮದಂತೆ ಪಂದ್ಯದಲ್ಲಿ ಎರಡನೆಯದಾಗಿ ಬ್ಯಾಟ್ ಮಾಡಿದ ತಂಡವೇ ಸೂಪರ್ ಓವರ್‌ನಲ್ಲಿ ಮೊದಲು ಬ್ಯಾಟ್ ಮಾಡಬೇಕು. ಅದೂ ಸಮವಾಗಿ ಇನ್ನೊಂದು ಬಂದರೆ, ಮೊದಲನೆಯದನ್ನು ಎಸೆದ ಬೌಲರ್ ಮತ್ತೆ ಎಸೆಯುವಂತಿಲ್ಲ, ಔಟಾದವರು ಮತ್ತೆ ಬ್ಯಾಟ್ ಹಿಡಿಯುವಂತಿಲ್ಲ. ಫುಟ್‌ಬಾಲ್‌ನಲ್ಲಿ ಪೆನಾಲ್ಟಿ ಶೂಟೌಟ್ ಒದೆಯುವವರು ಹೆಚ್ಚುವರಿ ಸಮಯ ಮುಗಿದಾಗ ಮೈದಾನದಲ್ಲಿದ್ದವರೇ ಆಗಿರಬೇಕು. 110ನೇ ನಿಮಿಷದಲ್ಲಿ ನಿಮ್ಮ ಅತ್ಯುತ್ತಮ ಒದೆತಗಾರನನ್ನು ಹೊರಗೆ ಕರೆಯುವ ಮುನ್ನ ಪಟ್ಟಿ ನೋಡಿ. ಪಟ್ಟಿ ಐದಕ್ಕೆ ನಿಲ್ಲದೆ ಎಲ್ಲ ಹನ್ನೊಂದು ಜನರ ಕ್ರಮ ಇರಲಿ.

8. ಪಂದ್ಯ ಒಂದೇ ಇದ್ದರೆ ಒಂದು ರೀತಿ, ಸರಣಿಯಾದರೆ ಇನ್ನೊಂದು

ಪ್ರತಿ ಪಂದ್ಯ ಗೆಲ್ಲುವ ಸಾಧ್ಯತೆ ನಿಮಗೆ ಶೇ 60 ಇದೆ ಎನ್ನಿ. ಒಂದೇ ಪಂದ್ಯವಾದರೆ ಅಷ್ಟೇ. ಮೂರು ಪಂದ್ಯಗಳ ಸರಣಿಯಾದರೆ ಶೇ 64.8, ಏಳರದ್ದಾದರೆ ಶೇ 71. ಸರಣಿ ಉದ್ದವಾದಷ್ಟೂ ಬಲಿಷ್ಠ ತಂಡಕ್ಕೆ ಲಾಭ.

ಹಾಗಾಗಿ ಬಲಿಷ್ಠ ತಂಡ ಒಂದೇ ಪಂದ್ಯದ ನಾಕೌಟ್‌ನಲ್ಲಿ ಅನಿಶ್ಚಿತತೆ ಕಡಿಮೆ ಮಾಡಬೇಕು: ಪರೀಕ್ಷಿತ ಆಟಗಾರರು, ಗೊತ್ತಿರುವ ತಂತ್ರ, ಮೊದಲ ಹದಿನೈದು ನಿಮಿಷ ತಪ್ಪಿಲ್ಲದ ಆಟ. ದುರ್ಬಲ ತಂಡಕ್ಕೆ ಇದು ತಿರುಗುಮುರುಗು. ಸಹಜವಾಗಿ ಆಡಿದರೆ ಸೋಲುವ ಸಾಧ್ಯತೆಯೇ ಹೆಚ್ಚಿರುವುದರಿಂದ ಏರಿಳಿತ ಹೆಚ್ಚಿಸುವ ಆಯ್ಕೆ ಮಾಡಬೇಕು: ಬ್ಯಾಸ್ಕೆಟ್‌ಬಾಲ್‌ನಲ್ಲಿ ಹೆಚ್ಚು ಮೂರು ಅಂಕದ ಪ್ರಯತ್ನ, ಕಬಡ್ಡಿಯಲ್ಲಿ ಬೇಗನೆ ಸೂಪರ್ ಟ್ಯಾಕಲ್‌ಗೆ ಕೈಹಾಕುವುದು, ಟಿ20ಯಲ್ಲಿ ಪವರ್‌ಪ್ಲೇಯಲ್ಲೇ ಮುಖ್ಯ ಬೌಲರ್‌ನ ಮೂರನೇ ಓವರ್ ಮುಗಿಸಿ ವಿಕೆಟ್ ಹುಡುಕುವುದು. ಸೋತರೆ ದೊಡ್ಡದಾಗಿ ಸೋಲಬಹುದು. ನಾಕೌಟ್‌ನಲ್ಲಿ ಅದಕ್ಕೆ ಬೇರೆ ದಂಡವಿಲ್ಲ, ನೆಟ್ ರನ್ ರೇಟ್ ಲೀಗ್‌ನೊಂದಿಗೇ ಮುಗಿದಿದೆ.

ಆಡುವವರ ಸಂಖ್ಯೆಯೂ ಬದಲಾಗುತ್ತದೆ. ಲೀಗ್‌ನಲ್ಲಿ ಹತ್ತು-ಹನ್ನೊಂದು ಜನರನ್ನು ಹಂಚಿ ಆಡಿಸುವ ಬ್ಯಾಸ್ಕೆಟ್‌ಬಾಲ್ ತಂಡಗಳು ಪ್ಲೇಆಫ್‌ನಲ್ಲಿ ಎಂಟು-ಒಂಬತ್ತಕ್ಕೆ ಇಳಿಯುತ್ತವೆ. ಬೇಸ್‌ಬಾಲ್‌ನಲ್ಲಿ 162 ಪಂದ್ಯಗಳುದ್ದಕ್ಕೂ ಐವರು ಆರಂಭಿಕ ಪಿಚರ್‌ಗಳು ಸರದಿಯಲ್ಲಿ ಎಸೆಯುತ್ತಾರೆ. ಪ್ಲೇಆಫ್‌ನಲ್ಲಿ ನಡುವೆ ಬಿಡುವಿನ ದಿನ ಇರುವುದರಿಂದ ನಾಲ್ವರು, ಕೆಲವೊಮ್ಮೆ ಮೂವರೇ ಸಾಕಾಗುತ್ತದೆ. ಕೂರಬೇಕಾದವರಿಗೆ ಇದನ್ನು ಒಂದು ವಾರ ಮೊದಲೇ, ಮುಖಕ್ಕೆ ಮುಖ ಕೊಟ್ಟು ಹೇಳಿ. ಪಂದ್ಯದ ದಿನ ಪಟ್ಟಿ ಓದುವಾಗ ತಿಳಿದರೆ ಡ್ರೆಸ್ಸಿಂಗ್ ರೂಮಿನ ಅರ್ಧ ಗಮನ ಅಲ್ಲೇ ಹೋಗುತ್ತದೆ.

ಸರಣಿಯಲ್ಲಿ ಮೊದಲ ಪಂದ್ಯ ಸೋತ ರಾತ್ರಿ ಯಾವ ತೀರ್ಮಾನವನ್ನೂ ಮಾಡಬೇಡಿ. ಮರುದಿನ ವಿಡಿಯೊ ನೋಡುವಾಗ ಸೋಲಿನ ಕಾರಣಗಳನ್ನು ಎರಡು ಕಂಬ ಮಾಡಿ ಬರೆಯಿರಿ: ಅವರು ನಮ್ಮಿಂದ ಮಾಡಿಸಿದ್ದು, ನಾವಾಗಿ ಮಾಡಿಕೊಂಡದ್ದು. ಸಿಕ್ಕ ಒಳ್ಳೆಯ ಅವಕಾಶಗಳಲ್ಲಿ ಗುರಿ ತಪ್ಪಿದ್ದಕ್ಕೆ ಸೋತಿದ್ದರೆ ಏನನ್ನೂ ಬದಲಿಸುವ ಅಗತ್ಯವಿಲ್ಲ. ಅವಕಾಶವೇ ಸಿಗದಂತೆ ತಡೆದಿದ್ದರೆ ಒಂದು ಬದಲಾವಣೆ ಮಾಡಿ, ಹೆಚ್ಚೆಂದರೆ ಎರಡು. ಗೆದ್ದಾಗಲೂ ಇದೇ ಎರಡು ಕಂಬ ಬರೆಯಿರಿ, ಏಕೆಂದರೆ ಸೋತ ಎದುರಾಳಿ ಆ ಹೊತ್ತಿಗೆ ಅದನ್ನೇ ಮಾಡುತ್ತಿರುತ್ತಾನೆ. ಎರಡನೇ ಪಂದ್ಯಕ್ಕೆ ಅವನು ತರಬಹುದಾದ ಬದಲಾವಣೆಗೆ ನಿಮ್ಮ ಉತ್ತರ ಅಂದೇ ಸಂಜೆಯ ಅಭ್ಯಾಸದಲ್ಲಿ ಸಿದ್ಧವಾಗಿರಬೇಕು.